ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು: ಆರ್ಮೇನಿಯನ್ ಇವ್ಯಾಂಜೆಲಿಕಲ್ ಸೇವಾಸಂಸ್ಥೆಯ ಒಂದು ವಿಮರ್ಶೆ

ಹೋಟೆಲಿನ ಊಟ ಹೇಗಿತ್ತೆಂದು ಹೇಳಲು ದುಡ್ಡು ಕೊಟ್ಟವನ ನಾಲಿಗೆಯೇ ಸಾಕು. ಸೇವಾಸಂಸ್ಥೆಯ ವಿಷಯದಲ್ಲಿ ಹಾಗಲ್ಲ. ದುಡ್ಡು ಕೊಡುವವನು ನ್ಯೂಜೆರ್ಸಿಯಲ್ಲಿ ಕುಳಿತಿರುತ್ತಾನೆ, ಉಣ್ಣುವವನು ಆರ್ಮೇನಿಯದ ಗ್ಯುಮ್ರಿಯಲ್ಲೋ ಲೆಬನಾನಿನ ಬೈರೂತಿನಲ್ಲೋ ಇರುತ್ತಾನೆ, ನಡುವೆ ಬಡಿಸುವವರ ಮಾತನ್ನು ನಂಬಿ ಒಬ್ಬನು ಚೆಕ್ಕು ಬರೆಯಬೇಕಾಗುತ್ತದೆ. ಆದ್ದರಿಂದ ಇಂಥ ಸಂಸ್ಥೆಯೊಂದನ್ನು ವಿಮರ್ಶಿಸುವುದೆಂದರೆ ಅದು ದಾನಿಗೆ ಕಳುಹಿಸುವ ಧನ್ಯವಾದ ಪತ್ರದ ಅಂದವನ್ನು ನೋಡುವುದಲ್ಲ. ಪಡೆದವರ ಕೈಯಲ್ಲಿ ಕಡೆಗೆ ಏನು ಉಳಿಯಿತು ಎಂಬುದನ್ನು ನೋಡುವುದು. ಈ ಅಳತೆಗೋಲನ್ನು ಹಿಡಿದು ನಾನಿಲ್ಲಿ ನೋಡಹೊರಟಿರುವುದು ಆರ್ಮೇನಿಯನ್ ಮಿಷನರಿ ಅಸೋಸಿಯೇಷನ್ ಆಫ್ ಅಮೆರಿಕ, ಅಂದರೆ ಎ.ಎಂ.ಎ.ಎ. ಎಂಬ ಸಂಸ್ಥೆಯನ್ನು. ಆರ್ಮೇನಿಯನ್ ಇವ್ಯಾಂಜೆಲಿಕಲ್, ಅಂದರೆ ಪ್ರೊಟೆಸ್ಟೆಂಟ್, ಸಭೆಗಳು ತಮ್ಮ ಸೇವಾಕಾರ್ಯವನ್ನು ಬಹುಮಟ್ಟಿಗೆ ಇದರ ಮೂಲಕವೇ ನಡೆಸುತ್ತವೆ.

ಇದರ ಪ್ರಧಾನ ಕಚೇರಿ ಇರುವುದು ನ್ಯೂಜೆರ್ಸಿಯ ಪರಾಮಸ್ ಪಟ್ಟಣದಲ್ಲಿ. ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಪರಾಮಸ್ ಎಂದರೆ ಮಾಲುಗಳ ಊರು; ಭಾನುವಾರ ಬಟ್ಟೆಬರೆಯ ಅಂಗಡಿಗಳು ತೆರೆಯಬಾರದೆಂಬ ಹಳೆಯ ಕಾನೂನನ್ನು ಇಂದಿಗೂ ಬಿಡದೆ ಪಾಲಿಸುವ ಊರು. ಆ ಊರಿನಲ್ಲೇ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಶಾಲೆ, ಶಿಬಿರ, ಪರಿಹಾರ ಕಾರ್ಯಗಳ ಲೆಕ್ಕ ಬರೆಯುವ ಕಚೇರಿಯೊಂದಿದೆ ಎಂಬುದು ನನಗೆ ತಿಳಿದದ್ದು ನಮ್ಮ ಬೀದಿಯ ಆರ್ಮೇನಿಯನ್ ಅಜ್ಜಿಯೊಬ್ಬರಿಂದ. ಬಾಸೆಲ್ ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತವರ ಮನೆಯಿಂದ ಬಂದವನಾದ್ದರಿಂದ ಮಿಷನ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನನಗೆ ಮಂಗಳೂರು ಹೆಂಚು, ಕಿಟ್ಟೆಲ್ಲರ ನಿಘಂಟು, ಜೊತೆಗೆ ಮತಾಂತರದ ಬಗೆಗಿನ ಮುಗಿಯದ ವಾದ, ಮೂರೂ ಒಟ್ಟಿಗೆ ನೆನಪಾಗುತ್ತವೆ. ಓದುಗರಲ್ಲಿ ಹಲವರಿಗೂ ಹಾಗೆಯೇ ಆದೀತು. ಆದಕಾರಣ ಮೊದಲು ಆ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ.

ಆರ್ಮೇನಿಯನ್ನರು ನಾಲ್ಕನೆಯ ಶತಮಾನದ ಆರಂಭದಲ್ಲೇ ಕ್ರೈಸ್ತರಾದವರು, ಕ್ರಿ.ಶ. 301ರಲ್ಲಿ ತಮ್ಮ ದೊರೆ ಆ ಮತವನ್ನು ರಾಜ್ಯಧರ್ಮವಾಗಿ ಸ್ವೀಕರಿಸಿದನೆಂಬುದು ಅವರ ಪರಂಪರೆಯ ಹೆಮ್ಮೆ. ಚೆನ್ನೈನ ಅರ್ಮೇನಿಯನ್ ಸ್ಟ್ರೀಟಿನಲ್ಲಿರುವ ಹಳೆಯ ಚರ್ಚು ಆ ಪುರಾತನ ಅಪೊಸ್ತಲಿಕ ಸಭೆಗೆ ಸೇರಿದ್ದು. ಹೀಗಿರುವಾಗ ಅವರ ನಡುವೆ ಮಿಷನ್ ಕೆಲಸಕ್ಕೆ ಏನು ಸ್ಥಳ? ಇದಕ್ಕೆ ಉತ್ತರ ಹತ್ತೊಂಬತ್ತನೆಯ ಶತಮಾನದ ಆಟೊಮನ್ ರಾಜಧಾನಿಯಾದ, ಇಂದು ಇಸ್ತಾಂಬುಲ್ ಎನಿಸಿಕೊಳ್ಳುವ, ಕಾನ್‌ಸ್ಟಾಂಟಿನೋಪಲಿನಲ್ಲಿದೆ. 1813ರಲ್ಲಿ ಮುಂಬಯಿಯಲ್ಲಿ ಮರಾಠಿ ಜನರ ನಡುವೆ ಕೆಲಸ ಆರಂಭಿಸಿದ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಯೇ 1831ರಲ್ಲಿ ವಿಲಿಯಂ ಗುಡೆಲ್ ಅವರನ್ನು ಆ ನಗರಕ್ಕೆ ಕಳುಹಿಸಿತು. ಹೊಸ ಸಭೆ ಕಟ್ಟುವುದಲ್ಲ, ಹಳೆಯ ಸಭೆಯೊಳಗೆ ಓದು ಮತ್ತು ಸುಧಾರಣೆಯನ್ನು ತರುವುದು ಮೊದಲ ಉದ್ದೇಶವಾಗಿತ್ತು. ಆಡುಭಾಷೆಯಲ್ಲಿ ಬೈಬಲ್ ಓದತೊಡಗಿದವರನ್ನು 1846ರಲ್ಲಿ ಅಲ್ಲಿನ ಹಳೆಯ ಸಭೆಯ ಮುಖ್ಯಸ್ಥರಾದ ಪೇಟ್ರಿಯಾರ್ಕರು ಬಹಿಷ್ಕರಿಸಿದಾಗ, ಅದೇ ವರ್ಷ ಜುಲೈ 1ರಂದು ಮೂವತ್ತೇಳು ಗಂಡಸರು, ಮೂವರು ಹೆಂಗಸರು ಸೇರಿ ಪ್ರತ್ಯೇಕ ಇವ್ಯಾಂಜೆಲಿಕಲ್ ಸಭೆ ಕಟ್ಟಿಕೊಂಡರು. 1850ರಲ್ಲಿ ಸುಲ್ತಾನನ ಫರ್ಮಾನು ಪ್ರೊಟೆಸ್ಟೆಂಟರನ್ನು ಬೇರೆ ಸಮುದಾಯವೆಂದು ಮಾನ್ಯ ಮಾಡಿತು.

ಬಹಿಷ್ಕಾರವೆಂದರೆ ಬರಿಯ ದೇವಾಲಯದ ಬಾಗಿಲು ಮುಚ್ಚುವುದಾಗಿರಲಿಲ್ಲ. ಕಸುಬಿನ ಸಂಘಗಳಿಂದ ಹೊರದಬ್ಬಲ್ಪಟ್ಟವರು ಅಂಗಡಿ ತೆರೆಯುವಂತಿರಲಿಲ್ಲ. ಬಾಡಿಗೆ ಮನೆಯೂ ಸಿಗುವುದು ಕಷ್ಟವಾಗಿತ್ತು. ನಮ್ಮಲ್ಲಿ ಜಾತಿಯಿಂದ ಹೊರಬಿದ್ದವರಿಗೆ ಬಾವಿ, ಹೊಲ, ನೆಂಟಸ್ತಿಕೆ ಒಮ್ಮೆಗೇ ಇಲ್ಲವಾಗುತ್ತಿದ್ದುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಬೆಬೆಕ್ ಗುರುಕುಲವನ್ನು ನಡೆಸುತ್ತಿದ್ದ ಸೈರಸ್ ಹ್ಯಾಮ್ಲಿನ್ ಎಂಬ ಅಮೆರಿಕನ್ನರು ಕೈಕೆಲಸದಲ್ಲಿ ಗಟ್ಟಿಗರು. ಅವರು ಮೊದಲು ವಿದ್ಯಾರ್ಥಿಗಳಿಗಾಗಿ ಒಲೆ, ಇಲಿಬೋನು ಮುಂತಾದವನ್ನು ಮಾಡುವ ಕಾರ್ಯಾಗಾರವನ್ನೂ, ಆಮೇಲೆ ಕೆಲಸ ಕಳೆದುಕೊಂಡವರಿಗಾಗಿ ಉಗಿಯಂತ್ರದ ಹಿಟ್ಟಿನ ಗಿರಣಿಯನ್ನೂ ಬ್ರೆಡ್ಡಿನ ಬೇಕರಿಯನ್ನೂ ತೆರೆದರು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಸ್ಕುಟಾರಿಯ ಬ್ರಿಟಿಷ್ ಸೈನಿಕ ಆಸ್ಪತ್ರೆಗೆ, ಅಂದರೆ ಫ್ಲಾರೆನ್ಸ್ ನೈಟಿಂಗೇಲ್ ದಾದಿಯಾಗಿದ್ದ ಆಸ್ಪತ್ರೆಗೆ, ಬ್ರೆಡ್ಡು ಹೋಗುತ್ತಿದ್ದುದು ಈ ಬೇಕರಿಯಿಂದಲೇ. ರೋಗಿಗಳ ಕೊಳೆಬಟ್ಟೆ ಒಗೆಯಲು ಬಿಯರಿನ ಪೀಪಾಯಿಗಳಿಂದ ಒಗೆಯುವ ಯಂತ್ರಗಳನ್ನೂ ಅವರು ಮಾಡಿಕೊಟ್ಟರು. ಬಂದ ಲಾಭ ಪ್ರಾರ್ಥನಾ ಮಂದಿರಗಳನ್ನು ಕಟ್ಟುವುದಕ್ಕೆ ಹೋಯಿತು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದರ ಹಿಂದೆಯೂ ಇದೇ ಕಾರಣವಿತ್ತಷ್ಟೆ. ಒಬ್ಬನ ನಂಬಿಕೆಯನ್ನು ಬದಲಿಸಲು ಹೊರಟವರು ಅವನ ಹೊಟ್ಟೆಯ ಹೊಣೆಯನ್ನೂ ಹೊರಬೇಕೆಂಬ ವಿವೇಕ ಎರಡೂ ಕಡೆ ಕಷ್ಟದಿಂದಲೇ ಬಂದಿತು. ಅಪೊಸ್ತಲಿಕ ಸಭೆಯವರು ಇದನ್ನೇ ಆಮಿಷವೆಂದು ಕರೆದರು ಎಂಬುದನ್ನೂ ಇಲ್ಲಿ ಹೇಳಬೇಕು. ಆ ದೂರು ಪೂರ್ತಿ ಸುಳ್ಳೆಂದು ನನಗೆ ಅನ್ನಿಸಿಲ್ಲ.

1915ರಲ್ಲಿ ಆಟೊಮನ್ ಸರ್ಕಾರ ಆರ್ಮೇನಿಯನ್ನರ ಮೇಲೆ ನಡೆಸಿದ ನರಮೇಧ ಈ ವಾದವನ್ನೇ ಅಡಿಮೇಲು ಮಾಡಿತು. ಇಂದಿನ ತುರ್ಕಿಯಲ್ಲಿರುವ ಐಂತಾಬ್, ಮರಾಶ್, ಹಾರ್ಪುತ್ ಮುಂತಾದ ಊರುಗಳಲ್ಲಿ ಎರಡು ಸಭೆಯವರೂ ಒಂದೇ ಸಾಲಿನಲ್ಲಿ ಮರುಭೂಮಿಯ ಕಡೆಗೆ ನಡೆಸಲ್ಪಟ್ಟರು. 1918ರಲ್ಲಿ ಮ್ಯಾಸಚೂಸೆಟ್ಸಿನ ವುಸ್ಟರ್ ನಗರದಲ್ಲಿ ಎ.ಎಂ.ಎ.ಎ. ಹುಟ್ಟಿದಾಗ ಅದರ ಮುಂದಿದ್ದ ಕೆಲಸ ಅನಾಥ ಮಕ್ಕಳಿಗೆ ಅನ್ನ, ಬಟ್ಟೆ, ಆಸರೆ ಒದಗಿಸುವುದು. ನನ್ನ ದೃಷ್ಟಿಯಲ್ಲಿ ಈ ಸಂಸ್ಥೆಯ ಹೆಚ್ಚುಗಾರಿಕೆ ಇರುವುದು ಆ ಮೊದಲ ಕೆಲಸದಲ್ಲಲ್ಲ, ಏಕೆಂದರೆ ಅದನ್ನು ಆಗ ಹಲವರು ಮಾಡಿದರು. ಹಸಿದ ಮಗು ದೊಡ್ಡದಾದ ಮೇಲೆ ಅದರ ಮಗುವಿಗೆ ಶಾಲೆ ಬೇಕಾಗುತ್ತದೆ, ಆ ಶಾಲೆಗೆ ಮೇಷ್ಟರು ಬೇಕಾಗುತ್ತಾರೆ, ಮೇಷ್ಟರನ್ನು ತಯಾರು ಮಾಡಲು ಕಾಲೇಜು ಬೇಕಾಗುತ್ತದೆ ಎಂಬ ಸರಪಳಿಯನ್ನು ಅದು ಹಿಡಿದ ಕೈ ಬಿಡದೆ ಕೊನೆಯವರೆಗೆ ಅನುಸರಿಸಿದೆ.

ಆ ಸರಪಳಿಯ ಅತ್ಯುತ್ತಮ ಕೊಂಡಿ ಬೈರೂತಿನ ಹಾಯ್ಗಜಿಯಾನ್ ವಿಶ್ವವಿದ್ಯಾಲಯ. ಎ.ಎಂ.ಎ.ಎ. ಮತ್ತು ಪಶ್ಚಿಮ ಏಷ್ಯಾದ ಆರ್ಮೇನಿಯನ್ ಇವ್ಯಾಂಜೆಲಿಕಲ್ ಸಭೆಗಳ ಒಕ್ಕೂಟ ಸೇರಿ 1955ರಲ್ಲಿ ಇದನ್ನು ಕಾಲೇಜಾಗಿ ಸ್ಥಾಪಿಸಿದವು. ತುರ್ಕಿಯ ಕೊನ್ಯಾ ಊರಿನಲ್ಲಿ ಶಾಲೆ ನಡೆಸುತ್ತಿದ್ದ ಅರ್ಮೆನಾಗ್ ಹಾಯ್ಗಜಿಯಾನ್ ಎಂಬ ವಿದ್ವಾಂಸರ ಹೆಸರನ್ನು ಅದಕ್ಕಿಡಲಾಯಿತು. ಶಾಲೆಗಳಿಗೆ ಉಪಾಧ್ಯಾಯರನ್ನು, ಸಭೆಗಳಿಗೆ ಪಾದ್ರಿಗಳನ್ನು ಒದಗಿಸುವುದು ಮೂಲ ಆಲೋಚನೆ. ಆ ಪಾದ್ರಿಗಳನ್ನು ಅಲ್ಲಿ ಬದ್ವೇಲಿ ಎನ್ನುತ್ತಾರೆ. ನಮ್ಮ ಕಡೆ ಸಭೆಯವರು ಅಯ್ಯನವರು ಎನ್ನುವಾಗ ಇರುವ ಗೌರವವೇ ಅದರಲ್ಲೂ ಇದೆ. ಆದರೆ ಒಳ್ಳೆಯ ಶಾಲೆ ಕಟ್ಟಿದವರ ಲೆಕ್ಕಾಚಾರವನ್ನು ವಿದ್ಯಾರ್ಥಿಗಳು ಯಾವಾಗಲೂ ಮೀರುತ್ತಾರೆ. 1960ರಲ್ಲಿ ಮನೂಗ್ ಮನೂಗಿಯಾನ್ ಎಂಬ ಯುವ ಅಧ್ಯಾಪಕರು ಇಲ್ಲಿ ವಿದ್ಯಾರ್ಥಿಗಳ ರಾಕೆಟ್ ಸಂಘವೊಂದನ್ನು ಕಟ್ಟಿದರು. ಕೇರಳದ ತುಂಬಾ ಗ್ರಾಮದಿಂದ ಭಾರತದ ಮೊದಲ ರಾಕೆಟ್ಟು ಹಾರಿದ ಅದೇ 1963ರಲ್ಲಿ ಈ ಹುಡುಗರ ಸೀಡರ್ ರಾಕೆಟ್ಟೂ ಲೆಬನಾನಿನಿಂದ ಮೇಲಕ್ಕೇರಿತು, ಸರ್ಕಾರ ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಮಿಷನ್ ಹಣದಿಂದ ನಡೆಯುವ ಪುಟ್ಟ ಕಾಲೇಜೊಂದು ದೇಶವೊಂದರ ಬಾಹ್ಯಾಕಾಶದ ಕನಸಿಗೆ ತೊಟ್ಟಿಲಾದೀತೆಂದು ಯಾವ ದಾನಿಯೂ ಎಣಿಸಿರಲಾರ. ಅಂತರ್ಯುದ್ಧದ ವರ್ಷಗಳಲ್ಲಿ ಕಾಂತಾರಿ ಬಡಾವಣೆಯಲ್ಲಿದ್ದ ಆವರಣವನ್ನು ತೊರೆದು ನಗರದ ಇನ್ನೊಂದು ಭಾಗದಲ್ಲಿ ಪಾಠ ನಡೆಸಿ, ಶಾಂತಿ ಬಂದ ಮೇಲೆ ಹಿಂದಿರುಗಿ, 1996ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಇಂದು ಅಲ್ಲಿ ಆರ್ಮೇನಿಯನ್ನರ ಜೊತೆಗೆ ಲೆಬನಾನಿನ ಮುಸ್ಲಿಮರೂ ಇತರ ಕ್ರೈಸ್ತರೂ ಓದುತ್ತಾರೆ. ತನ್ನವರಿಗೆಂದು ಆರಂಭಿಸಿದ ಮನೆಯ ಜಗಲಿಯಲ್ಲಿ ನೆರೆಯವರೂ ಬಂದು ಕುಳಿತ ಹಾಗೆ ಇದು. ಇಡೀ ಸೇವಾಕಾರ್ಯದಲ್ಲಿ ನಾನು ಪೂರ್ಣ ಅಂಕ ಕೊಡುವ ಭಾಗವೂ ಇದೇ.

ಬೈರೂತಿನ ಅಂಚಿನ ಬುರ್ಜ್ ಹಮ್ಮೂದಿನ ಶಾಲೆಗಳ ಕಥೆ ಇಷ್ಟು ಸುಖವಾಗಿಲ್ಲ. ನಿರಾಶ್ರಿತರು ಕಳೆದುಕೊಂಡ ಊರುಗಳ ಹೆಸರನ್ನೇ ಹೊತ್ತ ನೋರ್ ಮರಾಶ್, ನೋರ್ ಅದಾನ ಎಂಬ ಕೇರಿಗಳಲ್ಲಿ (ನೋರ್ ಎಂದರೆ ಹೊಸದು), ಹಾಗೆಯೇ ಮೂಸಾ ದಾಗ್ ಬೆಟ್ಟದಿಂದ 1939ರಲ್ಲಿ ಬಂದವರು ನೆಲೆಯಾದ ಅಂಜಾರ್ ಗ್ರಾಮದಲ್ಲಿ ಸಭೆಯ ಶಾಲೆಗಳು ತಲೆಮಾರುಗಳಿಂದ ನಡೆದಿವೆ. 2019ರಿಂದೀಚೆಗೆ ಲೆಬನಾನಿನ ಲೀರಾ ತನ್ನ ಬೆಲೆಯಲ್ಲಿ ಶೇಕಡಾ ತೊಂಬತ್ತಕ್ಕಿಂತ ಹೆಚ್ಚನ್ನು ಕಳೆದುಕೊಂಡ ಮೇಲೆ ಪೋಷಕರು ಕಟ್ಟುವ ಶುಲ್ಕಕ್ಕೆ ಅರ್ಥವಿಲ್ಲದಂತಾಯಿತು, ಮೇಷ್ಟರ ಸಂಬಳ ಕರಗಿಹೋಯಿತು. 2020ರ ಆಗಸ್ಟ್ 4ರ ಬಂದರು ಸ್ಫೋಟ ಕಿಟಕಿ ಬಾಗಿಲುಗಳನ್ನೂ ಮುರಿಯಿತು. ಒಡೆದ ಗಾಜಿಗೆ ಹಣ ಬೇಗ ಕೂಡಿಬರುತ್ತದೆ, ಏಕೆಂದರೆ ಗಾಜು ಒಡೆದದ್ದು ಚಿತ್ರದಲ್ಲಿ ಕಾಣುತ್ತದೆ. ಮೇಷ್ಟರೊಬ್ಬರು ತಿಂಗಳ ಕೊನೆಗೆ ಬಸ್ಸಿನ ಖರ್ಚಿಗೂ ತತ್ತರಿಸುವುದು ಯಾವ ಚಿತ್ರದಲ್ಲೂ ಕಾಣುವುದಿಲ್ಲ. ಇದು ಒಂದು ಸಂಸ್ಥೆಯ ದೋಷವಲ್ಲ, ದಾನಿಗಳಾದ ನಮ್ಮ ಕಣ್ಣಿನ ದೋಷ. ಆದರೂ ಆ ಕಣ್ಣನ್ನು ತಿದ್ದುವ ಕೆಲಸ ಸಂಸ್ಥೆಯದೇ ಆಗಬೇಕೆಂದು ನಾನು ಭಾವಿಸುತ್ತೇನೆ.

ಆರ್ಮೇನಿಯ ದೇಶದೊಳಗೆ ಇವರ ಕೆಲಸ ಬೇರೂರಿದ್ದು 1988ರ ಡಿಸೆಂಬರ್ 7ರ ಭೂಕಂಪದ ನಂತರ. ಸ್ಪಿತಾಕ್ ಪಟ್ಟಣ ನೆಲಸಮವಾಯಿತು. ಗ್ಯುಮ್ರಿ, ವನಾಡ್ಜೋರ್ ನಗರಗಳು ಸೇರಿ ಸುಮಾರು 25,000 ಜನ ಸತ್ತರು. ಪರಿಹಾರದ ಪೆಟ್ಟಿಗೆಗಳನ್ನು ಹೊತ್ತು ಹೋದವರು ಸೋವಿಯತ್ ವ್ಯವಸ್ಥೆ ಕುಸಿದಾಗಲೂ ಹಿಂದಿರುಗಲಿಲ್ಲ. ಇಂದು ಯೆರೆವಾನ್, ಗ್ಯುಮ್ರಿ, ವನಾಡ್ಜೋರ್ ಮೊದಲಾದೆಡೆ ಇರುವ ಶೋಗ್ ಕೇಂದ್ರಗಳು, ಬಡ ಕುಟುಂಬಗಳ ಮಕ್ಕಳು ಶಾಲೆ ಬಿಟ್ಟ ಮೇಲೆ ಬಂದು ಊಟ ಮಾಡಿ, ಪಾಠ ಹೇಳಿಸಿಕೊಂಡು, ಆಡಿ ಮನೆಗೆ ಹೋಗುವ ಸ್ಥಳಗಳು. ಶೋಗ್ ಎಂದರೆ ಅವರ ಭಾಷೆಯಲ್ಲಿ ಬೆಳಕಿನ ಕಿರಣ. ದುಡಿಯಲು ರಷ್ಯಾಕ್ಕೆ ಹೋದ ತಂದೆಯ ಹಣಕ್ಕಾಗಿ ಕಾಯುವ ಮನೆಗಳು ಹೆಚ್ಚಿರುವ ಊರುಗಳಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗಿನ ಆ ನಾಲ್ಕು ತಾಸುಗಳು ಎಷ್ಟು ಬೆಲೆಯುಳ್ಳವೆಂಬುದನ್ನು ಬಿಸಿಯೂಟವನ್ನು ಕಂಡ ನಾವು ಬಲ್ಲೆವು. ಬೇಸಿಗೆಯಲ್ಲಿ ಹಂಕವಾನ್ ಬೆಟ್ಟದ ಶಿಬಿರ ನಡೆಯುತ್ತದೆ. ಅಲ್ಲಿ ಹಾಡು, ಆಟ, ಬೈಬಲ್ ಪಾಠ ಒಟ್ಟಿಗೆ ಇರುತ್ತವೆ.

ಬೈಬಲ್ ಪಾಠದ ಮಾತು ಬಂದಿತಾದ್ದರಿಂದ ಹೇಳಿಬಿಡುತ್ತೇನೆ. ಸುವಾರ್ತೆ ಸಾರುವುದು ತಮ್ಮ ಉದ್ದೇಶವೆಂಬುದನ್ನು ಈ ಸಂಸ್ಥೆ ಎಲ್ಲೂ ಮುಚ್ಚಿಡುವುದಿಲ್ಲ; ಹೆಸರಿನಲ್ಲೇ ಮಿಷನರಿ ಎಂಬ ಪದವಿದೆ. ಆ ನೇರವಂತಿಕೆ ನನಗೆ ಹಿಡಿಸುತ್ತದೆ. ಆದರೂ ಊಟ ಮತ್ತು ಉಪದೇಶ ಒಂದೇ ತಟ್ಟೆಯಲ್ಲಿ ಬಂದಾಗ, ಉಪದೇಶ ಬೇಡವೆನ್ನುವ ಬಡವನ ಸ್ವಾತಂತ್ರ್ಯ ತುಸು ಕುಗ್ಗುತ್ತದೆ. ಅಪೊಸ್ತಲಿಕ ಸಭೆಯ ಕುಟುಂಬಗಳ ಮಕ್ಕಳೇ ಹೆಚ್ಚಾಗಿರುವ ದೇಶದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಈ ವಿಷಯದಲ್ಲಿ ಜಿನಿಶಿಯಾನ್ ಸ್ಮಾರಕ ಯೋಜನೆಯ ಪದ್ಧತಿ ನನಗೆ ಮೇಲೆನಿಸುತ್ತದೆ. ವಾರ್ತಾನ್ ಜಿನಿಶಿಯಾನ್ ಎಂಬ ದಾನಿಯ ಆಸ್ತಿಯಿಂದ 1966ರಲ್ಲಿ ಆರಂಭವಾಗಿ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯ ಆಶ್ರಯದಲ್ಲಿರುವ ಆ ಯೋಜನೆಯಲ್ಲಿ ಅಪೊಸ್ತಲಿಕ, ಕ್ಯಾಥೊಲಿಕ್, ಇವ್ಯಾಂಜೆಲಿಕಲ್ ಎಂಬ ಮೂರು ಸಭೆಗಳವರೂ ಒಟ್ಟಿಗೆ ದುಡಿಯುತ್ತಾರೆ.

ಯೆರೆವಾನಿನ ಮಲಾಟಿಯಾ ಸೆಬಾಸ್ಟಿಯಾ ಬಡಾವಣೆಯ ಅವೆಡಿಸಿಯಾನ್ ಶಾಲೆ ದಾನಿಗಳಿಗೆಲ್ಲ ಅಚ್ಚುಮೆಚ್ಚಿನದು. ಶುಲ್ಕವಿಲ್ಲದ ಶಾಲೆ, 2014ರಲ್ಲಿ ತೆರೆದ ಅದರ ಹೊಸ ಕಟ್ಟಡ ಆಧುನಿಕವಾದದ್ದು, ಪರಿಸರಸ್ನೇಹಿಯೆಂದು ಹೆಸರಾದದ್ದು. ಇದರ ಹಿಂದಿನ ದಾನಿ ಎಡ್ವರ್ಡ್ ಅವೆಡಿಸಿಯಾನ್ ಬಾಸ್ಟನ್ ಪಾಪ್ಸ್ ವಾದ್ಯವೃಂದದಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು; ಗಳಿಸಿದ್ದನ್ನು ಜಾಣತನದಿಂದ ಬೆಳೆಸಿ, ತಂದೆ ತಾಯಿ ಖೋರೆನ್ ಮತ್ತು ಶೂಶಾನಿಗ್ ಅವರ ಹೆಸರಿನಲ್ಲಿ ಈ ಶಾಲೆಗೆ ಕೊಟ್ಟರು. ಇಂಥ ದಾನಿಯ ಮುಂದೆ ತಲೆಬಾಗುತ್ತೇನೆ. ಆದರೆ ವಿಮರ್ಶಕನಾಗಿ ಒಂದು ಮಾತು ಹೇಳಲೇಬೇಕು: ಒಂದು ಅತ್ಯುತ್ತಮ ಶಾಲೆಗೆ ತಗಲುವ ಹಣದಲ್ಲಿ ಹಲವು ಸಾಧಾರಣ ಶೋಗ್ ಕೇಂದ್ರಗಳು ವರ್ಷಗಟ್ಟಲೆ ನಡೆದಾವು. ಬಡ ಬಡಾವಣೆಯ ಮಗುವಿಗೂ ಉತ್ಕೃಷ್ಟವಾದದ್ದೇ ಸಿಗಬೇಕೆಂಬ ವಾದಕ್ಕೂ, ಹೆಚ್ಚು ಮಕ್ಕಳಿಗೆ ಸಾಕಷ್ಟು ಸಿಗಬೇಕೆಂಬ ವಾದಕ್ಕೂ ನಡುವೆ ನಾನು ಎರಡನೆಯದರ ಕಡೆಗೆ ವಾಲುವವನು.

2023ರ ಸೆಪ್ಟೆಂಬರ್ ತಿಂಗಳು ಈ ವಾದವನ್ನು ಬೇರೊಂದು ರೀತಿಯಲ್ಲಿ ಪರೀಕ್ಷೆಗೆ ಒಡ್ಡಿತು. ಅಜೆರ್ಬೈಜಾನಿನ ಗಡಿಯೊಳಗಿದ್ದರೂ ಆರ್ಮೇನಿಯನ್ನರೇ ನೆಲೆಸಿದ್ದ ನಾಗೋರ್ನೊ ಕರಬಾಖಿನ ಸ್ಟೆಪನಕೆರ್ಟ್ ನಗರದಲ್ಲಿ ಸಂಸ್ಥೆ ಶಿಶುವಿಹಾರಗಳನ್ನು ನಡೆಸುತ್ತಿತ್ತು. ತಿಂಗಳುಗಟ್ಟಲೆ ದಾರಿ ಮುಚ್ಚಿದ ಮೇಲೆ ಅಜೆರ್ಬೈಜಾನಿನ ಸೇನೆ ಮುನ್ನುಗ್ಗಿದಾಗ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಆರ್ಮೇನಿಯದ ಗೋರಿಸ್ ಪಟ್ಟಣದ ದಾರಿ ಹಿಡಿದು ಊರು ಬಿಟ್ಟರು; ವರ್ಷಗಳ ಕಾಲ ಕಟ್ಟಿದ್ದ ಕೋಣೆ, ಬೆಂಚು, ಆಟದ ಅಂಗಳವೆಲ್ಲ ಹಿಂದೆ ಉಳಿದವು. ಕಟ್ಟಡ ಹೋಯಿತು, ಶಿಕ್ಷಕಿಯರೂ ಮಕ್ಕಳೂ ಗಡಿ ದಾಟಿ ಬಂದರು. ಬಂದವರಿಗೆ ಹಾಸಿಗೆ, ಊಟ, ಮನೆಬಾಡಿಗೆ ಒದಗಿಸುವಲ್ಲಿ ಇವರ ಜಾಲ ಬೇಗ ಕೆಲಸಕ್ಕಿಳಿದದ್ದು ಆ ದೇಶದಲ್ಲಿ ಮೂವತ್ತೈದು ವರ್ಷಗಳಿಂದ ಕಾಲೂರಿ ನಿಂತಿದ್ದರಿಂದ. ದೂರದಿಂದ ವಿಮಾನ ಹತ್ತಿ ಬರುವ ಸಂಸ್ಥೆಗಳಿಗೆ ಈ ಅನುಕೂಲ ಇರುವುದಿಲ್ಲ.

ಕನ್ನಡಿಗರು ಯಾರಾದರೂ ಈ ಕೆಲಸಕ್ಕೆ ಕೊಡಬೇಕೇ ಎಂದು ಕೇಳಿದರೆ, ನಮ್ಮ ಊರಿನ ಶಾಲೆಗಳಿಗೆ ಕೊಟ್ಟು ಮಿಕ್ಕಿದ್ದರೆ ಧಾರಾಳವಾಗಿ ಕೊಡಬಹುದು ಎನ್ನುತ್ತೇನೆ. ತುರ್ತು ಪರಿಹಾರಕ್ಕೆ ಹಣ ತಾನಾಗಿ ಹರಿದುಬರುತ್ತದೆ, ಕಟ್ಟಡಕ್ಕೆ ಹೆಸರು ಕೆತ್ತಿಸುವವರು ಸಿಗುತ್ತಾರೆ. ಆದಕಾರಣ ಕೊಡುವಾಗ ಯಾವುದಕ್ಕೆಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಬೀದಿಯ ಅಜ್ಜಿಯೊಡನೆ ಕುಳಿತು ಈ ವರ್ಷ ಬರೆದ ಚಿಕ್ಕ ಚೆಕ್ಕಿನ ಕೆಳಗಿನ ಸಾಲಿನಲ್ಲಿ ನಾನು ಬುರ್ಜ್ ಹಮ್ಮೂದಿನ ಮೇಷ್ಟರ ಸಂಬಳಕ್ಕೆ ಎಂದು ಬರೆದಿದ್ದೇನೆ.