ಬೆಂಗಳೂರಲ್ಲಿ ಮೂರು ದಿನ: ಪಾಸಾ, ಬಿಡಿ ಟಿಕೆಟ್ಟಾ?

ಕಾಕಾ ಕಲಬುರಗಿ ಸ್ಟೇಷನ್ನಿನಲ್ಲೇ ಹೇಳಿದ್ದರು, "ಪಾಸು ಗೀಸು ಏನೂ ಬ್ಯಾಡೋ ತಮ್ಮಾ, ಹತ್ತಿದಷ್ಟಕ್ಕ ರೊಕ್ಕ ಕೊಟ್ರಾಯ್ತು." ನಾನು ಕೇಳಲಿಲ್ಲ. ಒಂದು ವಾರದಿಂದ ಮೊಬೈಲ್ ಹಿಡಿದು ಯಾವ ಪಾಸಿಗೆ ಎಷ್ಟು, ಎಷ್ಟು ಸಲ ಹತ್ತಿದರೆ ಲಾಭ ಅಂತ ಲೆಕ್ಕ ಹಾಕಿಟ್ಟಿದ್ದೆ. ಅಷ್ಟು ಲೆಕ್ಕ ಹಾಕಿದ ಮೇಲೆ ಸುಮ್ನೆ ಬಿಡೋಕಾಗುತ್ತಾ?

ಇದು 2025ರ ಅಕ್ಟೋಬರ್ ಮಾತು. ಅಕ್ಕನ ಮಗಳ ನಿಶ್ಚಿತಾರ್ಥ. ನಾನು, ಹೆಂಡತಿ, ಅವ್ವ, ಕಾಕಾ ನಾಲ್ಕು ಜನ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಶುಕ್ರವಾರ ಬೆಳಗ್ಗೆ ಮೆಜೆಸ್ಟಿಕ್ ಕಡೆ ಇಳಿದೆವು. ಅಕ್ಕನ ಮನೆ ವಿಜಯನಗರ. ಛತ್ರ ಜಯನಗರ. ಸೀರೆ ಖರೀದಿ ಚಿಕ್ಕಪೇಟೆ. ನಡುವೆ ಅವ್ವನಿಗೆ ಬಸವನಗುಡಿಯ ದೊಡ್ಡ ಗಣಪತಿ ನೋಡಬೇಕು, ಕಾಕಾನಿಗೆ ಲಾಲ್‌ಬಾಗ್ ನೋಡಬೇಕು.

ಮೊದಲು ಮೆಟ್ರೋ ಪಾಸಿನ ಮಾತು ಮುಗಿಸಿಬಿಡುತ್ತೇನೆ, ಯಾಕಂದರೆ ಅದರಲ್ಲಿ ಯೋಚನೆ ಮಾಡುವಂಥದ್ದು ಜಾಸ್ತಿ ಇಲ್ಲ. ನಾವು ಹೋದಾಗ ಎಷ್ಟು ಸಲ ಬೇಕಾದರೂ ಓಡಾಡುವ ಕಾರ್ಡ್ ಒಂದು ದಿನಕ್ಕೆ 300, ಮೂರು ದಿನಕ್ಕೆ 600 ರೂಪಾಯಿ ಇತ್ತು. ಅದೇ ವರ್ಷ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೂ ಒಂದು ಪ್ರಯಾಣದ ಅತಿ ಹೆಚ್ಚಿನ ಟಿಕೆಟ್ 90 ರೂಪಾಯಿ. ಅಂದರೆ ಈ ತುದಿ ಚಲ್ಲಘಟ್ಟದಿಂದ ಆ ತುದಿ ವೈಟ್‌ಫೀಲ್ಡ್‌ಗೆ ದಿನಕ್ಕೆ ಮೂರು ಸಲ ಹೋದರೂ 270. ನಾಲ್ಕನೇ ಸಲ ಹತ್ತಿದರೆ ಮಾತ್ರ ಒಂದು ದಿನದ ಪಾಸಿಗೆ ಬೆಲೆ. ನಿಶ್ಚಿತಾರ್ಥಕ್ಕೆ ಬಂದವರು ಯಾರು ಹಾಗೆ ತಿರುಗ್ತಾರೆ? ನಾವು ಮೂರು ದಿನದಲ್ಲಿ ಮೆಟ್ರೋ ಹತ್ತಿದ್ದು ಐದು ಸಲ, ಒಬ್ಬೊಬ್ಬರಿಗೆ ಎಲ್ಲ ಸೇರಿ 200ರ ಆಸುಪಾಸು ಆಯಿತು.

ಅಕ್ಕ ಅವಳ ಸ್ಮಾರ್ಟ್ ಕಾರ್ಡ್ ಕೊಡಲು ಬಂದಳು. ಭಾನುವಾರ ಕಾರ್ಡಿಗೆ ಹತ್ತು ಪರ್ಸೆಂಟ್ ರಿಯಾಯಿತಿ ಇದೆ, ಸರಿ. ಆದರೆ ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬೇಕು, ಮೇಲಾಗಿ ಒಳಗೆ ಹೋಗಲು ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಲೇಬೇಕು. ಮೂರು ದಿನಕ್ಕೆ ಬಂದವರು ಆಳಿಗೊಂದು ಹೊಸ ಕಾರ್ಡ್ ಮಾಡಿಸಿ ಅದರಲ್ಲಿ ದುಡ್ಡು ಬಿಟ್ಟು ಊರಿಗೆ ಹೋಗುವುದು ಯಾವ ಲೆಕ್ಕ? ಟೋಕನ್ನೇ ಸಾಕು.

ಟೋಕನ್ನಿನ ಕಷ್ಟ ಒಂದೇ, ಅದು ಕಾಕಾ. ಒಳಗೆ ಹೋಗುವಾಗ ಗೇಟಿಗೆ ಮುಟ್ಟಿಸಿದರೆ ಸಾಕು, ಹೊರಗೆ ಬರುವಾಗ ಮಾತ್ರ ಅದನ್ನು ಕಿಂಡಿಯೊಳಗೆ ಹಾಕಬೇಕು. ಕಾಕಾ ಬೆಲೆಬಾಳುವ ಸಾಮಾನು ಎಲ್ಲ ಬನಿಯನ್ನಿನ ಒಳಜೇಬಿನಲ್ಲಿ ಇಡುವವರು. ಟೋಕನ್ನೂ ಅಲ್ಲಿಗೇ ಹೋಯಿತು. ಜಯನಗರದ ಗೇಟಿನಲ್ಲಿ ನಿಂತು ಅಂಗಿಯ ಗುಂಡಿ ಒಂದೊಂದೇ ಬಿಚ್ಚಿ, ಒಳಗೆ ಕೈ ಹಾಕಿ, ಮೊದಲು ಎಂಟಾಣೆ ನಾಣ್ಯ ತೆಗೆದು, ಆಮೇಲೆ ಗುಡಿಯ ಅಂಗಾರದ ಪೊಟ್ಟಣ ತೆಗೆದು, ಕೊನೆಗೆ ಟೋಕನ್ ಸಿಕ್ಕಾಗ ಹಿಂದೆ ಸಾಲು ಎಸ್ಕಲೇಟರ್ ತನಕ ನಿಂತಿತ್ತು.

ಈಗ ಬಸ್ಸು. ನಿಜವಾದ ಪಂದ್ಯ ಇಲ್ಲೇ.

ಸಾದಾ ಬಿಎಂಟಿಸಿ ಬಸ್ಸಿನ ದಿನದ ಪಾಸ್ 80 ರೂಪಾಯಿ. 2025ರ ಜನವರಿಗೆ ಮುಂಚೆ 70 ಇತ್ತು. ಮೊದಲ ಸ್ಟೇಜಿನ ಟಿಕೆಟ್ 6 ರೂಪಾಯಿ. ಶನಿವಾರ ನಾಲ್ವರೂ ಬಸ್ಸಿನಲ್ಲೇ ತಿರುಗುವುದು, ಯಾರ ದಾರಿ ಅಗ್ಗ ನೋಡೇಬಿಡೋಣ ಅಂತ ತೀರ್ಮಾನ ಆಯಿತು. ನಾನು ಪಾಸ್. ಕಾಕಾ ಬಿಡಿ ಟಿಕೆಟ್, ಅರವತ್ತು ದಾಟಿದ್ದರಿಂದ ಅವರಿಗೆ ಕಾಲು ಭಾಗ ರಿಯಾಯಿತಿ ಬೇರೆ. ಅವ್ವ ಆಧಾರ್ ತೋರಿಸಿ ಜೀರೋ ಟಿಕೆಟ್. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ, ಅವತ್ತಿಂದ ಅವ್ವ ಗಾಣಗಾಪುರಕ್ಕೆ ಎಷ್ಟು ಸಲ ಹೋಗಿ ಬಂದಿದ್ದಾರೋ ದತ್ತನಿಗೇ ಗೊತ್ತು. ಕಲಬುರಗಿ ಆಧಾರ್ ಬೆಂಗಳೂರಲ್ಲಿ ನಡೆಯುತ್ತಾ ಅಂತ ಅವರಿಗೆ ಒಳಗೊಳಗೇ ಅಳುಕಿತ್ತು. ನಡೆಯುತ್ತೆ, ಕರ್ನಾಟಕದ ವಿಳಾಸ ಇದ್ದರಾಯಿತು.

ಸಿಕ್ಕಿಬಿದ್ದಿದ್ದು ನನ್ನ ಹೆಂಡತಿ. ಅವಳ ತವರು ಅಕ್ಕಲಕೋಟ. ಮದುವೆಯಾಗಿ ಹನ್ನೊಂದು ವರ್ಷ ಆದರೂ ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸವೇ, ಅಂದರೆ ಮಹಾರಾಷ್ಟ್ರ. ಊರಲ್ಲಿ ಸ್ಕೂಟಿಯಲ್ಲೇ ಓಡಾಡುವವಳು, ಬದಲಾಯಿಸುವ ತ್ರಾಸೇ ತಗೊಂಡಿರಲಿಲ್ಲ. ನಮ್ಮ ಕಡೆ ಸೊಲ್ಲಾಪುರ, ಅಕ್ಕಲಕೋಟ, ಉದಗೀರದಿಂದ ಬಂದ ಸೊಸೆಯರು ಮನೆಮನೆಗೂ ಇದ್ದಾರೆ, ಹೊರಡುವ ಮುಂಚೆ ಕಾರ್ಡ್ ಒಮ್ಮೆ ತಿರುಗಿಸಿ ನೋಡಿ. ಅವಳಿಗೂ 80ರ ಪಾಸ್ ಆಯಿತು.

ದಿನದ ಪ್ಲಾನಿನಂತೆ ಐದು ಬಸ್ಸು. ಒಬ್ಬರಿಗೆ ಬಿಡಿ ಟಿಕೆಟ್ ಲೆಕ್ಕ 12, 18, 12, 6, 18. ಒಟ್ಟು 66. ಅಂದರೆ ಪಾಸ್ ತಗೊಂಡ ನನಗೆ 14 ರೂಪಾಯಿ ಲುಕ್ಸಾನು, ಕಾಕಾನಿಗೆ ಅದರಲ್ಲೂ ರಿಯಾಯಿತಿ. ಆದರೆ ಮಾರ್ಕೆಟ್ ಹತ್ತಿರ ನಾನು ಬೋರ್ಡ್ ಸರಿಯಾಗಿ ಓದದೆ ಎಲ್ಲರನ್ನೂ ಬೇರೆ ಬಸ್ಸಿಗೆ ಹತ್ತಿಸಿದೆ. ಇಳಿದು ವಾಪಸ್ ಬರಬೇಕಾಯಿತು, ಹೋಗುವ 12, ಬರುವ 12. ಈಗ ಲೆಕ್ಕ 90ಕ್ಕೆ ಏರಿತು, ಪಾಸಿನವರಿಗೆ 10 ರೂಪಾಯಿ ಲಾಭ! ಅವ್ವನಿಗೆ ಏನೂ ವ್ಯತ್ಯಾಸ ಇಲ್ಲ, ಕಿಟಕಿ ಪಕ್ಕ ಕೂತು ಊರು ನೋಡಿದರು. ಕಾಕಾ ಮಾತ್ರ ಎರಡು ಟಿಕೆಟ್ಟನ್ನೂ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. "ನೀ ದಾರಿ ತಪ್ಪಿದ್ದಕ್ಕ ನಾ ಯಾಕ ರೊಕ್ಕ ಕೊಡ್ಬೇಕು?"

ಮಾತು ನಿಜ. ನನಗೆ ಅನಿಸಿದ್ದೂ ಅದೇ. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಅಂತ ಗೊತ್ತಿದ್ದವರಿಗೆ ಬಿಡಿ ಟಿಕೆಟ್ಟೇ ಅಗ್ಗ. ಪಾಸ್ ಇರೋದು ದಾರಿ ತಪ್ಪುವವರಿಗೆ, ನಡುವೆ ಏನೋ ಚಂದ ಕಂಡಿತು ಅಂತ ಇಳಿದುಬಿಡುವವರಿಗೆ. ಪಾಸ್ ಜೇಬಿನಲ್ಲಿದ್ದರೆ ಎರಡು ಸ್ಟಾಪ್ ಇದ್ದರೂ ನಡೆಯುವ ಮನಸ್ಸಾಗಲ್ಲ, ಚಿಲ್ಲರೆ ಹುಡುಕುವ ಗೋಳೂ ಇಲ್ಲ. ಆ ನೆಮ್ಮದಿಗೆ 14 ರೂಪಾಯಿ ಕೊಡಬಹುದು ಅಂತ ನಾನು, ಬ್ಯಾಡ ಅಂತ ಕಾಕಾ.

ಲಾಭದ ಹತ್ತು ರೂಪಾಯಿ ಸಂಜೆ ತನಕವೂ ಉಳಿಯಲಿಲ್ಲ, ಅದನ್ನೂ ಹೇಳಬೇಕು. ಕಾಲು ನೋವು, ಮಳೆ ಹನಿ, ಎದುರಿಗೆ ಬಂದ ಏಸಿ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹತ್ತಿಬಿಟ್ಟೆವು. 80ರ ಪಾಸ್ ವಜ್ರ ಬಸ್ಸಿಗೆ ನಡೆಯಲ್ಲ, ಅದಕ್ಕೆ 140ರ ಪಾಸೇ ಬೇರೆ. ಗೊತ್ತಿದ್ದೂ ಮರೆತಿದ್ದೆ. ಕಂಡಕ್ಟರ್ ಪಾಸ್ ನೋಡಿ ನಕ್ಕು ಎರಡು ಟಿಕೆಟ್ ಹರಿದರು. ಅವ್ವ ಕಾಕಾ ಹಿಂದಿನ ಸಾದಾ ಬಸ್ಸಿಗೆ ಕಾದರು. ಜೀರೋ ಟಿಕೆಟ್ಟೂ ಏಸಿ ಬಸ್ಸಿನಲ್ಲಿ ಇಲ್ಲ ಅಂತ ಅವ್ವನಿಗೆ ನನಗಿಂತ ಚೆನ್ನಾಗಿ ನೆನಪಿತ್ತು.

ದೀಪಾವಳಿ ಮುಗಿದ ಮೇಲೆ ಅಕ್ಕನ ಮಗ ಎರಡು ದಿನಕ್ಕೆ ಕಲಬುರಗಿಗೆ ಬಂದ. ಬಂದವನೇ "ಮಾಮಾ, ಇಲ್ಲಿ ಡೇ ಪಾಸ್ ಎಷ್ಟು?" ಅಂದ. ಏನೋ ಮಾರಾಯ, ಕೋಟೆ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ಎಲ್ಲ ಪಕ್ಕಪಕ್ಕದಲ್ಲೇ ಇರುವ ಊರಿಗೆ ಪಾಸ್ ಯಾಕೆ ಅಂದೆ. ಆದರೂ ಬುದ್ಧ ವಿಹಾರ ಊರ ಹೊರಗೆ, ಬಿಸಿಲು ಬೇರೆ ಅಂತ ಅರ್ಧ ದಿನಕ್ಕೆ 600 ರೂಪಾಯಿ ಮಾತಾಡಿ ಒಂದು ಆಟೋ ಹಿಡಿದೆವು. ನಮ್ಮೂರಿನ ಪಾಸ್ ಅಂದರೆ ಇದೇ ಅಲ್ವಾ?

ಬುದ್ಧ ವಿಹಾರಕ್ಕೆ ಅದು ಸರಿಹೋಯಿತು, ಅಲ್ಲಿಂದ ವಾಪಸ್ ಬರಲು ಆಟೋ ಹುಡುಕುವ ಕೆಲಸ ತಪ್ಪಿತು. ಕೋಟೆಯಲ್ಲಿ ಕೈಕೊಟ್ಟಿತು. ಒಳಗಿನ ಜಾಮಿ ಮಸೀದಿ 1367ರದ್ದು, ಅಂಗಳವೇ ಇಲ್ಲ, ಪೂರ್ತಿ ಚಾವಣಿ. ಹುಡುಗ ಆ ಕಮಾನಿನ ಸಾಲುಗಳ ಕೆಳಗೆ ಮೊಬೈಲ್ ಹಿಡಿದು ಒಂದು ಗಂಟೆ ಅಲುಗಾಡಲಿಲ್ಲ. ಹೊರಗೆ ಆಟೋದವರು ಎರಡು ಸಲ ಫೋನ್ ಮಾಡಿದರು, ಮೂರನೇ ಸಲ "ಸಾಹೇಬ್ರ, ವೇಟಿಂಗ್ ಬೇರೆ ಆಗ್ತದ ನೋಡ್ರಿ" ಅಂದರು. ದುಡ್ಡು ಕೊಟ್ಟು ಕಳಿಸಿದೆ. ಉಳಿದದ್ದನ್ನೆಲ್ಲ ಟಂಟಂನಲ್ಲಿ, ತಲೆಗೆ ಹತ್ತಿಪ್ಪತ್ತು ರೂಪಾಯಿ ಕೊಡುತ್ತಾ, ಬೇಕಾದಲ್ಲಿ ಹತ್ತಿ ಬೇಕಾದಲ್ಲಿ ಇಳಿದು ನೋಡಿದೆವು. ಎಂಟು ಜನರ ನಡುವೆ ಒತ್ತಿಕೊಂಡು ಕೂರುವುದು ಅವನಿಗೆ ಹೊಸದು. ಅದರ ಫೋಟೋ ಜಾಸ್ತಿ ತೆಗೆದ.

ಈಗ ಮದುವೆ ದಿನ ಗೊತ್ತಾಗಿದೆ, ಮತ್ತೆ ಬೆಂಗಳೂರಿಗೆ ಹೋಗಬೇಕು. ಹೆಂಡತಿ ಆಧಾರ್ ವಿಳಾಸ ಬದಲಾಯಿಸಲು ಅರ್ಜಿ ಹಾಕಿ ಬಂದಿದ್ದಾಳೆ. ಕಾಕಾ ಮೊನ್ನೆ ಮನೆಗೆ ಬಂದವರು ಚಹಾ ಕುಡಿಯುತ್ತಾ ಕೇಳಿದರು, "ಈ ಸಲ ಬಸ್ಸಿನ್ಯಾಗ ಮುಂದ ಹೋಗಾಂವ ಯಾರು, ನೀನಾ?" ಹೌದು ಅಂದೆ. "ಹಂಗಾದ್ರ ನನಗೂ ಒಂದು ಪಾಸ್ ತಗಿಸು."