ಅಂಚೆ ಕಚೇರಿಯ ಆರ್‌ಡಿ: ಕೈಯಲ್ಲಿ ದುಡ್ಡು ನಿಲ್ಲದವರಿಗೆ

ಸಂಬಳ ಬಂದ ಹತ್ತನೇ ದಿನಕ್ಕೆ ಖಾತೆ ಅರ್ಧ ಖಾಲಿ. ಎಲ್ಲಿ ಹೋಯಿತು ಎಂದು ಕೇಳಿದರೆ ಉತ್ತರವಿಲ್ಲ. ನೋಟು ಎಣಿಸಿ ಕೊಡುವಾಗ ಆಗುತ್ತಿದ್ದ ಸಂಕಟ ಸ್ಕ್ಯಾನ್ ಮಾಡುವಾಗ ಆಗುವುದಿಲ್ಲ. ಇಂಥವರಿಗೆ ಖರ್ಚಿನ ಲೆಕ್ಕ ಬರೆಯುವ ಆ್ಯಪ್‌ಗಿಂತ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ (ರಿಕರಿಂಗ್ ಡೆಪಾಸಿಟ್, ಅಂದರೆ ಪ್ರತಿ ತಿಂಗಳೂ ಒಂದೇ ಮೊತ್ತದ ಕಂತು ಕಟ್ಟುವ ಠೇವಣಿ) ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಕಾರಣ ಬಡ್ಡಿಯಲ್ಲ, ಹಾಕಿದ ದುಡ್ಡನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಎಂಬುದು.

ತಿಂಗಳಿಗೆ ಕನಿಷ್ಠ 100 ರೂಪಾಯಿ, ಅದರ ಮೇಲೆ ಹತ್ತರ ಗುಣಕದಲ್ಲಿ ಎಷ್ಟಾದರೂ ಕಟ್ಟಬಹುದು; ಒಟ್ಟು 60 ಕಂತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಶೇ. 6.7ರ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತಾರೆ. ಆ ದರದಲ್ಲಿ ತಿಂಗಳಿಗೆ 1,000 ಕಟ್ಟಿದರೆ 60,000ಕ್ಕೆ ಸುಮಾರು 71,366 ಕೈಸೇರುತ್ತದೆ. ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಡೆಯುತ್ತದೆ.

ಎಷ್ಟು ಕಟ್ಟಬೇಕು ಎನ್ನುವಲ್ಲೇ ಹೆಚ್ಚಿನವರು ಎಡವುವುದು. ಉತ್ಸಾಹದಲ್ಲಿ 5,000 ಎಂದು ಬರೆದು, ಆರನೇ ತಿಂಗಳಿಗೆ ಕೈಚೆಲ್ಲುತ್ತಾರೆ. ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಪ್ರತಿ ಸಂಬಳದ ಹಿಂದಿನ ದಿನ ಉಳಿದಿದ್ದ ಶಿಲ್ಕು ಗುರುತು ಹಾಕಿಕೊಳ್ಳಿ. ಮೂರರಲ್ಲಿ ಅತಿ ಕಡಿಮೆಯದರ ಅರ್ಧ ನಿಮ್ಮ ಕಂತು. 3,200 ಉಳಿದಿದ್ದರೆ 1,600. ಶಿಲ್ಕು ಸೊನ್ನೆಯಾಗಿದ್ದರೆ 200ರಿಂದಲೇ ಶುರು ಮಾಡಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಕ್ರೆಡಿಟ್ ಕಾರ್ಡ್ ಬಾಕಿ ಇರುವವರು ಈಗಲೇ ಇದಕ್ಕೆ ಕೈಹಾಕಬಾರದು. ಅಲ್ಲಿ ತಿಂಗಳಿಗೇ ಶೇ. 3ರ ಆಸುಪಾಸು ಬಡ್ಡಿ ಓಡುತ್ತಿರುವಾಗ ಇಲ್ಲಿ ವರ್ಷಕ್ಕೆ 6.7 ಗಳಿಸಿ ಏನೂ ಗಿಟ್ಟುವುದಿಲ್ಲ. ಮೊದಲು ಆ ಸಾಲ ತೀರಲಿ.

ಒಂದೇ ದೊಡ್ಡ ಖಾತೆ ಬೇಡ. ಒಬ್ಬರು ಎಷ್ಟು ಆರ್‌ಡಿ ಬೇಕಾದರೂ ತೆರೆಯಬಹುದು; 1,600ರ ಒಂದರ ಬದಲು 400ರ ನಾಲ್ಕು ಮಾಡಿಸಿ. ಮೂರು ವರ್ಷ ತುಂಬುವ ತನಕ ಖಾತೆ ಮುಚ್ಚುವ ಹಾಗಿಲ್ಲ. ಆಮೇಲೆ ಮುಚ್ಚಿದರೂ, ಅವಧಿಗೆ ಒಂದೇ ದಿನ ಮುಂಚೆಯಾದರೂ ಸರಿ, ಸಿಗುವುದು ಉಳಿತಾಯ ಖಾತೆಯ ಶೇ. 4 ಮಾತ್ರ. ತಿಂಗಳಿಗೆ 1,000ದ ಖಾತೆಯನ್ನು ನಾಲ್ಕು ವರ್ಷಕ್ಕೆ ಮುರಿದರೆ 7 ಸಾವಿರ ಆಗಬೇಕಿದ್ದ ಬಡ್ಡಿ ಸುಮಾರು 4 ಸಾವಿರಕ್ಕೆ ಇಳಿಯುತ್ತದೆ. ನಾಲ್ಕು ಪುಸ್ತಕ ಇದ್ದರೆ ಒಂದಕ್ಕಷ್ಟೇ ಪೆಟ್ಟು, ಉಳಿದ ಮೂರು ತಮ್ಮ ಪಾಡಿಗೆ ಬೆಳೆಯುತ್ತವೆ. ಕಂತಿನ ಮೊತ್ತವನ್ನು ನಡುವೆ ಬದಲಾಯಿಸಲು ಬರುವುದಿಲ್ಲವಾದ್ದರಿಂದ, ಸಂಬಳ ಹೆಚ್ಚಿದಾಗ ಐದನೆಯದನ್ನು ಸೇರಿಸಿದರಾಯಿತು.

ಮುರಿಯುವುದಕ್ಕಿಂತ ಸಾಲ ಎಷ್ಟೋ ಮೇಲು. 12 ಕಂತು ಕಟ್ಟಿ ವರ್ಷ ತುಂಬಿದ್ದರೆ ಶಿಲ್ಕಿನ ಅರ್ಧದಷ್ಟು ಸಾಲ ಸಿಗುತ್ತದೆ, ಬಡ್ಡಿ ಆರ್‌ಡಿ ದರಕ್ಕಿಂತ ಶೇ. 2 ಹೆಚ್ಚು, ಅಂದರೆ 8.7. ಕೌಂಟರ್‌ನಲ್ಲಿ ಇದನ್ನು ಕೇಳದೆ ಯಾರೂ ಹೇಳುವುದಿಲ್ಲ.

ತಿಂಗಳ 1ರಿಂದ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳು 15ರೊಳಗೆ ಕಂತು ಕಟ್ಟಬೇಕು. 16ಕ್ಕೆ ಅಥವಾ ಆಮೇಲೆ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೂ ಸಮಯವಿದೆ. ಒಂದನೇ ತಾರೀಕು ಸಂಬಳ ಆಗುವವರು ಮೊದಲ ಹದಿನೈದು ದಿನದೊಳಗೇ ತೆರೆಯಲಿ. ಕೊನೆಯ ದಿನದ ಗಡುವು ಸಿಕ್ಕಿದರೆ ದುಡ್ಡು ಅಷ್ಟರಲ್ಲಿ ಖರ್ಚಾಗಿರುತ್ತದೆ. ತಪ್ಪಿದ ಕಂತಿಗೆ ದಂಡ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಹಾಗಾಗಿ 400ಕ್ಕೆ 4. ಸಣ್ಣದೆಂದು ಸಲೀಸಾಗಿ ಬಿಡುತ್ತಾರೆ, ನಾಲ್ಕು ಕಂತು ತಪ್ಪುತ್ತದೆ, ಖಾತೆ ನಿಂತೇ ಹೋಗುತ್ತದೆ. ಅಲ್ಲಿಂದ ಎರಡು ತಿಂಗಳೊಳಗೆ ಬಾಕಿ ಕಟ್ಟಿ ಎಬ್ಬಿಸದಿದ್ದರೆ ಮುಂದೆ ಕಂತು ತುಂಬಲು ಆಗುವುದಿಲ್ಲ.

ಸಾಲಿನಲ್ಲಿ ನಿಲ್ಲಲು ಬೇಸರವಾದರೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಆ್ಯಪ್‌ನಿಂದ ಕಟ್ಟಬಹುದು. ಏಜೆಂಟರ ಮೂಲಕ ಕಟ್ಟುವವರು ಒಂದು ವಿಷಯದಲ್ಲಿ ಗಟ್ಟಿಯಾಗಿರಬೇಕು: ಕಂತು ಗುರುತಿಸುವ ಕಾರ್ಡಿನ ಮೇಲೆ ಅವರು ಹಾಕುವ ಸಹಿ ದುಡ್ಡು ಪಡೆದದ್ದಕ್ಕೆ ಗುರುತು, ಅಂಚೆ ಕಚೇರಿಗೆ ಅದು ತಲುಪಿದ್ದಕ್ಕೆ ಪಾಸ್‌ಬುಕ್‌ನ ಎಂಟ್ರಿ ಬೇಕು. ಪ್ರತಿ ತಿಂಗಳೂ ಪುಸ್ತಕ ತೆರೆದು ತಾರೀಕು, ಮೊತ್ತ, ಶಿಲ್ಕು ಮೂರನ್ನೂ ಬೆರಳಿಟ್ಟು ನೋಡಿ. ಏಜೆಂಟರ ಕಮಿಷನ್ ಕೊಡುವುದು ಸರ್ಕಾರ, ನಿಮ್ಮ ಕಂತಿನಿಂದ ಒಂದು ಪೈಸೆಯನ್ನೂ ಹಿಡಿಯುವಂತಿಲ್ಲ.

ಕೊರತೆಗಳೂ ಇವೆ. ಕಟ್ಟಿದ ದುಡ್ಡಿಗೆ ಆದಾಯ ತೆರಿಗೆಯ 80ಸಿ ವಿನಾಯಿತಿ ಇದಕ್ಕಿಲ್ಲ, ಬಡ್ಡಿಗೆ ತೆರಿಗೆಯಿದೆ. ಆಸ್ಪತ್ರೆ, ಕೆಲಸ ಹೋಗುವುದು ಇಂಥ ತುರ್ತಿಗೆ ಇದನ್ನು ನೆಚ್ಚಿಕೊಳ್ಳಲಾಗದು; ಅದಕ್ಕೆ ಉಳಿತಾಯ ಖಾತೆಯಲ್ಲೇ ಬೇರೆ ದುಡ್ಡಿರಬೇಕು. ಮಗುವಿನ ಪಿಯುಸಿ, ಮನೆಯ ತಾರಸಿ ರಿಪೇರಿ, ಹಳೆ ಸ್ಕೂಟರ್ ಬದಲಾವಣೆ ಇಂಥ ನಾಲ್ಕೈದು ವರ್ಷದಾಚೆಯ ಖರ್ಚಿಗೆ ಇದಕ್ಕಿಂತ ನೆಮ್ಮದಿಯ ದಾರಿ ಕಡಿಮೆ. ಪ್ರತಿ ಪಾಸ್‌ಬುಕ್‌ನ ರಕ್ಷಾಕವಚದ ಮೇಲೆ ಆ ಖರ್ಚಿನ ಹೆಸರನ್ನೇ ಬರೆದಿಡಿ. "ತಾರಸಿ" ಎಂದು ಬರೆದ ಪುಸ್ತಕವನ್ನು ಹೊಸ ಫೋನಿಗಾಗಿ ಮುರಿಯಲು ಕೈ ಏಳುವುದಿಲ್ಲ.