ನಿಂತ ಗಾಡಿಯ ಬ್ಯಾಟರಿ ಕುಡಿಯುವುದು ಯಾರು? ಯೂನಿ-ಟಿ ಯುಟಿ210ಇ ಕ್ಲ್ಯಾಂಪ್ ಮೀಟರ್ ವಿಮರ್ಶೆ

ಪುಷ್ಯ ಮಳೆ ಹಿಡಿದು ಗಾಡಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತರೆ ಹೊಸನಗರ, ತೀರ್ಥಹಳ್ಳಿ ಕಡೆ ಕೇಳಿಬರುವ ದೂರು ಒಂದೇ: ಬ್ಯಾಟರಿ ಹೊಸದು, ಆದರೂ ಕೀ ತಿರುಗಿಸಿದರೆ ಟಕ್ ಟಕ್ ಅಷ್ಟೆ. ಬಹಳ ಜನ ಇನ್ನೊಂದು ಬ್ಯಾಟರಿ ತರುತ್ತಾರೆ, ಅದೂ ಇಳಿಯುತ್ತದೆ. ಗಾಡಿ ನಿಂತಾಗ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಳೆಯದೆ ಈ ಖರ್ಚು ನಿಲ್ಲುವುದಿಲ್ಲ.

ವೈರ್ ಕತ್ತರಿಸದೆ, ಅದರ ಸುತ್ತ ಬಾಯಿ ಮುಚ್ಚಿ ಹಿಡಿದು ಕರೆಂಟ್ ಅಳೆಯುವುದು ಕ್ಲ್ಯಾಂಪ್ ಮೀಟರ್. ಹಾಗೆಂದು ಪಂಪ್‌ಸೆಟ್ ರಿಪೇರಿಯವರದನ್ನು ಕೇಳಿ ತಂದರೆ ಪ್ರಯೋಜನವಿಲ್ಲ. ತೋಟದ ಮೋಟಾರಿನ ಆಂಪ್ಸ್ ನೋಡಲು ಇಟ್ಟುಕೊಳ್ಳುವ ಅಗ್ಗದ ಮೀಟರುಗಳಲ್ಲಿ ಹೆಚ್ಚಿನವು ಎಸಿ ಕರೆಂಟನ್ನಷ್ಟೇ ಓದುತ್ತವೆ. ಮೇಲೆ ಡಿಸಿ ಎಂದಿದ್ದರೂ ಅದು ವೋಲ್ಟಿನ ಲೆಕ್ಕ. ಬ್ಯಾಟರಿಯದು ಡಿಸಿ ಕರೆಂಟ್, ಅದರ ವೈರಿಗೆ ಹಾಕಿದರೆ ಸೊನ್ನೆ ತೋರಿಸಿ ಸುಳ್ಳು ಸಮಾಧಾನ ಕೊಡುತ್ತವೆ. ಯುಟಿ210ಇ ಡಿಸಿ ಕರೆಂಟನ್ನೂ ಓದುತ್ತದೆ. 2, 20, 100 ಆಂಪ್ಸ್ ಹೀಗೆ ಮೂರು ರೇಂಜ್. 2 ಆಂಪ್ಸ್ ರೇಂಜಿನಲ್ಲಿ 1 ಮಿಲಿ ಆಂಪ್ಸ್‌ವರೆಗೆ ಕಾಣುತ್ತದೆ. ಬಾಯಿ 17 ಮಿ.ಮೀ. ತೆರೆಯುವುದರಿಂದ ದಪ್ಪ ನೆಗೆಟಿವ್ ವೈರೂ ಸಲೀಸಾಗಿ ಕೂರುತ್ತದೆ.

ಇದರ ನಿಜವಾದ ಲಾಭ ಬ್ಯಾಟರಿ ಬಿಚ್ಚಬೇಕಿಲ್ಲ ಎನ್ನುವುದು. ಮಲ್ಟಿಮೀಟರ್ ಹಾಕಲು ಟರ್ಮಿನಲ್ ಬಿಚ್ಚಿದ ಕ್ಷಣವೇ ಅಂಟಿಕೊಂಡ ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಬಿಟ್ಟುಕೊಳ್ಳಬಹುದು, ಗಾಡಿ ನಿಂತರೂ ಮಲಗದೆ ಕುಳಿತ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್ ರೀಸೆಟ್ ಆಗಬಹುದು. ಆಮೇಲೆ ಎಷ್ಟು ಅಳೆದರೂ ಎಲ್ಲ ಸರಿಯೇ! ಜೊತೆಗೆ, ಮೀಟರ್ ನಡುವೆ ಇರುವಾಗ ಯಾರಾದರೂ ಡೀಸೆಲ್ ಗಾಡಿಯ ಕೀ ಆನ್ ಮಾಡಿದರೆ ಇಂಜಿನ್ ಬಿಸಿ ಮಾಡುವ ಗ್ಲೋ ಪ್ಲಗ್ ಎಳೆಯುವ ಕರೆಂಟಿಗೆ ಮೀಟರಿನ 10 ಆಂಪ್ಸ್ ಫ್ಯೂಸ್ ಸುಟ್ಟಿತೆಂದೇ ಲೆಕ್ಕ.

ಅಳೆಯುವ ಮೊದಲು ಬಾನೆಟ್ ತೆರೆದಿಡಿ, ತೆರೆದ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ರಿಮೋಟ್ ಕೀಯನ್ನು ಮನೆಯೊಳಗೆ ದೂರ ಇಡಿ. ಹೊಸ ಕಾರುಗಳ ಎಲೆಕ್ಟ್ರಾನಿಕ್ಸ್ ಪೂರ್ತಿ ಮಲಗಲು ಅರ್ಧ ಗಂಟೆ ಬೇಕಾಗಬಹುದು. ಅವಸರದಲ್ಲಿ ಓದಿದರೆ ಆರೋಗ್ಯವಾಗಿರುವ ಕಾರಿಗೂ ಕಾಯಿಲೆ ಅಂಟಿಸುತ್ತೀರಿ.

ಈ ಮೀಟರಿನಲ್ಲಿ ಜನ ಎಡವುವುದು ಸೊನ್ನೆ ಮಾಡುವ ಕಡೆ. ಭೂಮಿಯ ಕಾಂತಕ್ಷೇತ್ರವೂ ಇದಕ್ಕೆ ತಿಳಿಯುತ್ತದೆ, ಕೈ ತಿರುಗಿಸಿದರೇ ಅಂಕಿ ಬದಲಾಗುತ್ತದೆ. ಪರದೆಯಲ್ಲಿ ಡಿಸಿ ಇದೆಯೇ ನೋಡಿಕೊಳ್ಳಿ. ವೈರಿನ ಪಕ್ಕದಲ್ಲೇ, ಹಾಕುವ ದಿಕ್ಕಿನಲ್ಲೇ, ಬಾಯಿ ಮುಚ್ಚಿ ಹಿಡಿದು ಝೀರೋ ಒತ್ತಿ. ಆಮೇಲೆ ವೈರಿಗೆ ಹಾಕಿ. ಓದಿದ ನಂತರ ತೆಗೆದು ಅದೇ ಜಾಗದಲ್ಲಿ ಹಿಡಿದಾಗ 6 ಮಿಲಿ ಆಂಪ್ಸ್ ಉಳಿದಿದ್ದರೆ ಓದಿದ್ದರಲ್ಲಿ 6 ಕಳೆಯಿರಿ. ನೆಗೆಟಿವ್ ಟರ್ಮಿನಲ್ಲಿಗೆ ಎರಡು ವೈರ್ ಬಂದಿದ್ದರೆ ಎರಡನ್ನೂ ಒಟ್ಟಿಗೆ ಬಾಯೊಳಗೆ ಸೇರಿಸಿ.

20ರಿಂದ 50 ಮಿಲಿ ಆಂಪ್ಸ್ ಇದ್ದರೆ ಚಿಂತೆಯಿಲ್ಲ. 300 ಬಂದರೆ ದಿನಕ್ಕೆ 7.2 ಆಂಪಿಯರ್ ಅವರ್ ಹೋಯಿತು. 45 ಆಂಪಿಯರ್ ಅವರ್ ಬ್ಯಾಟರಿ ಮೂರು ದಿನಕ್ಕೆ ಅರ್ಧ ಖಾಲಿ. ಅದೇ 35 ಇದ್ದರೆ ಅರ್ಧವಾಗಲು ಮೂರೂವರೆ ವಾರ ದಾಟುತ್ತದೆ.

ಯಾವ ಲೈನಿನಲ್ಲಿ ಸೋರುತ್ತಿದೆ ಎಂದು ಹುಡುಕುವಾಗ ಫ್ಯೂಸ್ ಕೀಳಬೇಡಿ, ಕಿತ್ತು ಹಾಕಿದರೆ ಮಲಗಿದ್ದ ಯೂನಿಟ್ ಎದ್ದು ಕೂರುತ್ತದೆ. ಇಲ್ಲಿ ಸಾಧಾರಣ ಮಲ್ಟಿಮೀಟರೇ ವಾಸಿ: 200 ಮಿಲಿ ವೋಲ್ಟ್‌ಗೆ ಇಟ್ಟು, ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮೊನೆ ಮುಟ್ಟಿಸಿ. 0.0 ಇದ್ದರೆ ಮುಂದಿನದಕ್ಕೆ ಹೋಗಿ. ಕೆಂಪು 10 ಆಂಪ್ಸ್ ಮಿನಿ ಫ್ಯೂಸಿನ ರೆಸಿಸ್ಟೆನ್ಸ್ ಸುಮಾರು 7.5 ಮಿಲಿ ಓಮ್. 2.4 ಮಿಲಿ ವೋಲ್ಟ್ ಕಂಡರೆ 320 ಮಿಲಿ ಆಂಪ್ಸ್ ಆಸುಪಾಸು ಹರಿಯುತ್ತಿದೆ, ಕಳ್ಳ ಅಲ್ಲೇ.

ಯಾವ ಫ್ಯೂಸೂ ಬಾಯಿ ಬಿಡದಿದ್ದರೆ ಕ್ಲ್ಯಾಂಪನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ದಪ್ಪ ವೈರಿಗೆ ಹಾಕಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಕೆಟ್ಟರೆ ಇಂಜಿನ್ ಆಫ್ ಇದ್ದಾಗಲೂ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಆ ವೈರು ಸಣ್ಣ ಫ್ಯೂಸುಗಳ ಮೂಲಕ ಹೋಗುವುದಿಲ್ಲವಾದ್ದರಿಂದ ಫ್ಯೂಸ್ ಹುಡುಕಾಟದಲ್ಲಿ ಸಿಕ್ಕುವುದೂ ಇಲ್ಲ.

ನಮ್ಮ ಕಡೆ ಮೊದಲ ಅನುಮಾನ ಮಾತ್ರ ಆಮೇಲೆ ಹಾಕಿಸಿದ ಸಾಮಾನುಗಳ ಮೇಲಿರಲಿ. ಆಗುಂಬೆ, ಹುಲಿಕಲ್ ಘಾಟಿಯ ಮಂಜಿಗೆಂದು ಕಟ್ಟಿಸಿದ ಫಾಗ್ ಲ್ಯಾಂಪಿನ ರಿಲೇ ಬಾಯಿ ಮೇಲಾಗಿ ಕೂತಿದ್ದರೆ ಮಳೆನೀರು ಒಳಗಿಳಿದು ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟುತ್ತದೆ, ಅದರ ಮೂಲಕವೇ ಕರೆಂಟ್ ಸೋರುತ್ತದೆ. ಪಿನ್ನುಗಳು ಕೆಳಮುಖವಾಗುವಂತೆ ತಿರುಗಿಸಿ ಕಟ್ಟಿಸಿ. ಸ್ಟೀರಿಯೋದಲ್ಲಿ ಹಳದಿ ವೈರಿಗೆ ಸದಾ ಕರೆಂಟ್, ಕೆಂಪಿಗೆ ಕೀ ಆನ್ ಆದಾಗ ಮಾತ್ರ ಬರಬೇಕು; ಎರಡನ್ನೂ ಸೇರಿಸಿ ತಿರುಚಿಬಿಟ್ಟರೆ ಸೆಟ್ ಮಲಗುವುದೇ ಇಲ್ಲ. ಬ್ಯಾಟರಿ ತಲೆಯ ಮೇಲಿನ ಒದ್ದೆ ಧೂಳನ್ನೂ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ. ಆ ಪದರದಲ್ಲಿ ಸೋರುವುದು ವೈರಿಗೆ ಬರುವುದೇ ಇಲ್ಲ, ಕ್ಲ್ಯಾಂಪಿಗೂ ಕಾಣದು.

ಮೀಟರಿನ ಕೊರತೆಗಳೂ ಇವೆ. 10 ಮಿಲಿ ಆಂಪ್ಸ್‌ಗಿಂತ ಕೆಳಗಿನ ಅಂಕಿಯನ್ನು ನಂಬಬೇಡಿ. ಅರ್ಧ ಗಂಟೆ ಕಾಯುವ ಕೆಲಸದಲ್ಲಿ ತಾನಾಗಿ ಆಫ್ ಆಗುವುದು ಕಿರಿಕಿರಿ, ಮತ್ತೆ ಆನ್ ಮಾಡಿದಾಗ ಝೀರೋ ಮತ್ತೆ ಮಾಡಬೇಕು. ಒಂದೇ ಕಾರು, ದಿನವೂ ಓಡುತ್ತದೆ ಎನ್ನುವವರು ಇದನ್ನು ಕೊಳ್ಳುವುದಕ್ಕಿಂತ ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಡಿಸಿ ಕ್ಲ್ಯಾಂಪ್ ಇಟ್ಟುಕೊಂಡ ಎಲೆಕ್ಟ್ರಿಷಿಯನ್‌ನ ವಿಚಾರಿಸುವುದು ಲೇಸು. ಜೀಪು, ಪಿಕಪ್, ಕಾರು ಎಂದು ಎರಡು ಮೂರು ಗಾಡಿ ಇರುವ ತೋಟದ ಮನೆಗೆ ಧೈರ್ಯವಾಗಿ ತರಬಹುದು. ತಂದ ದಿನವೇ ನೆಗೆಟಿವ್ ವೈರಿಗೆ ಹಾಕಿ ಒಳಗಿನ ದೀಪ ಹೊತ್ತಿಸಿ ನೋಡಿ: 5 ವ್ಯಾಟಿನ ಹಳೇ ಬಲ್ಬಾದರೆ 400 ಮಿಲಿ ಆಂಪ್ಸ್ ಆಸುಪಾಸು ಏರಬೇಕು. ಏರದಿದ್ದರೆ ಮೀಟರ್ ಎಸಿಯಲ್ಲಿದೆ, ಇಲ್ಲವೇ ಕೈಗೆ ಬಂದದ್ದು ಬೇರೆ ಮಾಡೆಲ್.